ಒಡೆಯದ ತತ್ತಿ ಏನು ಹೇಳುತ್ತದೆ
(ಬಾನುಲಿ ಭಾಷಣ)

21 ದಿನ ಕಾದು ಕೂತ ಮೇಲೆ 30 ತತ್ತಿಗಳಲ್ಲಿ 11 ಮರಿಯಷ್ಟೇ ಹೊರಬಂದರೆ ಮನೆಮಂದಿ ಮೊದಲು ಮಾಡುವ ಕೆಲಸ ಉಳಿದ 19 ತತ್ತಿಗಳನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಚೆಲ್ಲುವುದು. ಆಮೇಲೆ ಬೈಗುಳ. ಕರೆಂಟಿಗೆ ಒಂದಿಷ್ಟು, ಕಾವುಪೆಟ್ಟಿಗೆ ಮಾರಿದವನಿಗೆ ಒಂದಿಷ್ಟು, ತತ್ತಿ ಕೊಟ್ಟ ಪಕ್ಕದ ಮನೆಯವರಿಗೆ ಇನ್ನಷ್ಟು. ಮುಂದಿನ ಸಲ ಬಲ್ಬು ಬದಲಾಗುತ್ತದೆ, ನೀರಿನ ಬಟ್ಟಲು ದೊಡ್ಡದಾಗುತ್ತದೆ, ಫಲ ಮಾತ್ರ ಅಷ್ಟಕ್ಕಷ್ಟೇ. ಏನು ತಪ್ಪಾಯಿತೆಂದು ಹೇಳಬಲ್ಲ ಸಾಕ್ಷಿಗಳೆಲ್ಲ ತಿಪ್ಪೆ ಸೇರಿರುತ್ತವೆ. ಅವನ್ನು ಯಾರೂ ವಿಚಾರಿಸಿರುವುದಿಲ್ಲ.

ಉದಾಹರಣೆಗೆ ಯಮನೂರನ್ನೇ ತೆಗೆದುಕೊಳ್ಳಿ. ಅದು ನವಲಗುಂದ ತಾಲೂಕಿನ, ಬೆಣ್ಣಿಹಳ್ಳದ ದಂಡೆಯ ಊರು. ಸುತ್ತಲೂ ಎರೆಹೊಲ; ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ, ಗೋಧಿ. ಹೋಳಿ ಹುಣ್ಣಿಮೆಯ ಆಸುಪಾಸಿನ ಚಾಂಗದೇವರ ಜಾತ್ರೆಗೆ ನಾಲ್ಕೂ ದಿಕ್ಕಿನ ಜನ ಇಲ್ಲಿಗೆ ಬರುತ್ತಾರೆ. ಈ ಸೀಮೆಯ ಹಳ್ಳಿಗಳಲ್ಲಿ ಜವಾರಿ ಕೋಳಿ ಸಾಕುವುದು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುವ ಬದುಕು. ಜವಾರಿ ಹ್ಯಾಟೆ ವರ್ಷಕ್ಕೆ 50–60 ತತ್ತಿ ಇಡುತ್ತದೆ, ಅದೂ ಮೂರು ನಾಲ್ಕು ಸರತಿಯಲ್ಲಿ. ಒಂದು ಸರತಿ ಮುಗಿದದ್ದೇ ಕಾವಿಗೆ ಕೂಡುತ್ತದೆ. ಬುಟ್ಟಿಗೆ ಬೂದಿಯೋ ಉಸುಕೋ ಹಾಕಿ, ಮೇಲೆ ಹುಲ್ಲು ಹರಡಿ, 10–12 ತತ್ತಿ ಇಟ್ಟು, ಗುಡುಗಿಗೆ ಕೆಡಬಾರದೆಂದು ಒಂದು ಕಬ್ಬಿಣದ ತುಂಡನ್ನೋ ಇದ್ದಿಲನ್ನೋ ಜೊತೆಗಿಡುವ ರೂಢಿ ಹಲವು ಕಡೆ ಇದೆ. ಕಬ್ಬಿಣ ಗುಡುಗನ್ನೇನೂ ತಡೆಯುವುದಿಲ್ಲ, ಬೂದಿ ಮಾತ್ರ ಹೇನು ಉಣ್ಣಿಗಳನ್ನು ದೂರವಿಡುತ್ತದೆ. ತಾಪಮಾಪಕ ಕಾಣದ ಆ ಬುಟ್ಟಿಯಲ್ಲಿ 10ಕ್ಕೆ 8 ಮರಿಯಾಗುವುದು ಅಪರೂಪವಲ್ಲ.

ಹಾಗಿದ್ದರೆ ಪೆಟ್ಟಿಗೆ ಏಕೆ ಬೇಕಾಯಿತು? ಅದಕ್ಕೆ ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಅಲ್ಲಿನ ಪಶುವೈದ್ಯ ಕಾಲೇಜಿನ ಕುಕ್ಕುಟ ವಿಜ್ಞಾನ ವಿಭಾಗ ಗಿರಿರಾಜ ಕೋಳಿಯನ್ನು ಹಿತ್ತಲ ಸಾಕಣೆಗೆಂದೇ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿತು. 2005ರಲ್ಲಿ ಸ್ವರ್ಣಧಾರ ಬಂತು. ಗಿರಿರಾಜ ವರ್ಷಕ್ಕೆ 140–150 ತತ್ತಿ ಇಟ್ಟರೆ ಸ್ವರ್ಣಧಾರ 180 ದಾಟುತ್ತದೆ. ಆದರೆ ತತ್ತಿ ಹೆಚ್ಚಲೆಂದು ಆರಿಸಿ ಆರಿಸಿ ಬೆಳೆಸಿದ ತಳಿಗಳಲ್ಲಿ ಕಾವಿಗೆ ಕೂಡುವ ಗುಣ ತೆಳುವಾಗುತ್ತ ಹೋಗುತ್ತದೆ. ಕಾವಿಗೆ ಕೂತ ಹ್ಯಾಟೆ ವಾರಗಟ್ಟಲೆ ತತ್ತಿ ಇಡುವುದಿಲ್ಲವಲ್ಲ, ಎರಡೂ ಒಟ್ಟಿಗೆ ನಡೆಯುವ ಮಾತಲ್ಲ. ಹೀಗೆ ಹಿತ್ತಲಲ್ಲಿ ತತ್ತಿ ಹೆಚ್ಚಾಯಿತು, ಕೂಡುವ ತಾಯಿ ಇಲ್ಲದಾಯಿತು. ಗಿರಿರಾಜದ ತತ್ತಿಯನ್ನು ಜವಾರಿ ಹ್ಯಾಟೆಯ ಕೆಳಗಿಟ್ಟು ಮರಿ ಮಾಡಿಸುವವರು ಮಾಡಿಸಿದರು. ಉಳಿದವರು ಥರ್ಮಾಕೋಲ್ ಪೆಟ್ಟಿಗೆ, 40 ವ್ಯಾಟಿನ ಎರಡು ಬಲ್ಬು, ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನು ಮತ್ತು ತಾಪ ನಿಯಂತ್ರಿಸುವ ಒಂದು ಅಗ್ಗದ ಯಂತ್ರ ಜೋಡಿಸಿ ಮನೆಯಲ್ಲೇ ಇನ್‌ಕ್ಯುಬೇಟರ್ ಮಾಡಿಕೊಂಡರು. ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು: ಸುಧಾರಿತ ಸಂಕರ ತಳಿಗಳ ತತ್ತಿಯಿಂದ ಮನೆಯಲ್ಲಿ ಮರಿ ಮಾಡಿದರೆ ತಾಯಿಯ ಗುಣ ಮಕ್ಕಳಿಗೆ ಪೂರ್ತಿ ಬರುವುದಿಲ್ಲ. ಪೆಟ್ಟಿಗೆಯ ದುಡಿಮೆಗೆ ನಿಜವಾಗಿ ಬೆಲೆ ಬರುವುದು ಜವಾರಿ ತತ್ತಿಗೆ.

ತಾಯಿಯಿಲ್ಲದೆ ಮರಿ ಮಾಡುವುದು ಹೊಸ ಹುಚ್ಚೇನಲ್ಲ. ಈಜಿಪ್ಟಿನ ಹಳ್ಳಿಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಮಣ್ಣಿನ ಇಟ್ಟಿಗೆಯ ಒಲೆಮನೆ ಕಟ್ಟಿ, ಸಗಣಿ ಮತ್ತು ಹುಲ್ಲು ಉರಿಸಿ ಸಾವಿರಾರು ತತ್ತಿಗಳನ್ನು ಒಮ್ಮೆಗೇ ಮರಿ ಮಾಡುತ್ತಿದ್ದರು. ಬಿಸಿ ಸರಿಯಿದೆಯೇ ಎಂದು ತಿಳಿಯಲು ಆ ಕೆಲಸಗಾರರು ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ನೋಡುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಈ ವಿದ್ಯೆಯನ್ನು ತಾಪಮಾಪಕದ ಲೆಕ್ಕಕ್ಕೆ ತಂದು 1749ರಲ್ಲಿ ಪುಸ್ತಕವನ್ನೇ ಬರೆದ. ರೆಪ್ಪೆಯ ಆ ಸೂಕ್ಷ್ಮ ಇಂದಿನ ಅಗ್ಗದ ತಾಪಮಾಪಕಗಳಿಗೆ ಇಲ್ಲ ಎಂಬುದು ಬೇರೆ ಮಾತು. ಆ ವಿಷಯ ಮುಂದೆ ಬರುತ್ತದೆ.

ಮೊದಲು ಲೆಕ್ಕ. 30ಕ್ಕೆ 11 ಎಂದರೆ ನೂರಕ್ಕೆ 37. ಒಳ್ಳೆಯ ದೊಡ್ಡ ಹ್ಯಾಚರಿಗಳಲ್ಲಿ ಇಟ್ಟ ತತ್ತಿಗಳ ಪೈಕಿ ನೂರಕ್ಕೆ 80–85 ಮರಿಯಾಗುತ್ತವೆ. ಹಾಗೆ ನೋಡಿದರೆ ಈ ಪೆಟ್ಟಿಗೆ ಪೂರ್ತಿ ಸೋತಂತೆ. ಆದರೆ 7ನೆಯ ದಿನದ ರಾತ್ರಿ ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದಾಗ 8 ತತ್ತಿಗಳು ಮೊದಲ ದಿನದಂತೆಯೇ ತಿಳಿಯಾಗಿ ಕಂಡಿದ್ದವು ಎಂದುಕೊಳ್ಳಿ. ಅವುಗಳಲ್ಲಿ ಮರಿ ಬೆಳೆದೇ ಇರಲಿಲ್ಲ. ಅವನ್ನು ಕಳೆದರೆ ಉಳಿದವು 22. ಅವುಗಳಲ್ಲಿ 11 ಮರಿ, ಅಂದರೆ ಅರ್ಧ. ಈಗ ಒಂದು ರೋಗವಿದ್ದಲ್ಲಿ ಎರಡು ರೋಗ ಕಾಣುತ್ತವೆ. 8 ತಿಳಿ ತತ್ತಿಗಳ ತಪ್ಪು ಪೆಟ್ಟಿಗೆಯದಲ್ಲ, ಅದು ಹಿತ್ತಲಿನದು. ಉಳಿದ 11ರ ತಪ್ಪಿಗೆ ಪೆಟ್ಟಿಗೆ ಉತ್ತರ ಕೊಡಬೇಕು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದಲೇ ಬಲ್ಬು ಬದಲಿಸಿದರೂ ಫಲ ಬದಲಾಗಲಿಲ್ಲ.

ಇನ್ನು ಆ 11 ತತ್ತಿಗಳನ್ನು ಒಡೆಯಬೇಕು. 21ನೆಯ ದಿನವೇ ಅವಸರ ಬೇಡ, 23ನೆಯ ದಿನದವರೆಗೆ ಕಾಯಲಿ, ತಡವಾಗಿ ಬರುವ ಮರಿಯೂ ಇರುತ್ತದೆ. ಆಮೇಲೆ ಹಿತ್ತಲಿಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ದಪ್ಪ ತುದಿಯಿಂದ ಒಂದೊಂದಾಗಿ ಚಿಪ್ಪು ಬಿಡಿಸಿ ತಟ್ಟೆಗೆ ಇಳಿಸಬೇಕು. ವಾಸನೆಯ ಕೆಲಸ, ಹೇಸಿಗೆಯ ಕೆಲಸ. ಮನೆಯ ಹಿರಿಯರು «ಏನವ್ವಾ ಇದು, ಹೊಲಸು!» ಎಂದು ಗೊಣಗುವುದು ಖಂಡಿತ. ಆದರೆ ಅರ್ಧ ಗಂಟೆಯ ಈ ಹೇಸಿಗೆ ಕಲಿಸಿದಷ್ಟನ್ನು ಯಾವ ಯಂತ್ರದ ಕಂಪನಿಯ ಪುಸ್ತಿಕೆಯೂ ಕಲಿಸದು.

ನೋಡಬೇಕಾದ್ದು ಒಂದೇ: ಮರಿ ಎಷ್ಟನೆಯ ದಿನ ಸತ್ತಿತು? ರಕ್ತದ ಉಂಗುರವಷ್ಟೇ ಕಂಡರೆ ಎರಡರಿಂದ ನಾಲ್ಕನೆಯ ದಿನದೊಳಗಿನ ಸಾವು. ಕಪ್ಪು ಕಣ್ಣಿನ ಚುಕ್ಕೆ ಎದ್ದು ಕಂಡು ಮೈ ಇನ್ನೂ ಬತ್ತಲೆಯಾಗಿದ್ದರೆ ಮೊದಲ ವಾರದ ಕೊನೆಯೋ ಎರಡನೆಯ ವಾರದ ಮೊದಲೋ. ಮೈತುಂಬ ಪುಕ್ಕ ಬಂದಿದ್ದರೆ ಎರಡು ವಾರ ದಾಟಿದ್ದು. ಹಳದಿಯ ಚೀಲ ಹೊಟ್ಟೆಯೊಳಗೆ ಅರ್ಧ ಸೇರಿ, ಕೊಕ್ಕು ದಪ್ಪ ತುದಿಯ ಗಾಳಿಕೋಶದ ಕಡೆ ತಿರುಗಿದ್ದರೆ 18 ದಾಟಿ ಸತ್ತದ್ದು. ಜಗತ್ತಿನ ಎಲ್ಲ ಹ್ಯಾಚರಿಗಳಲ್ಲೂ ಸಾವು ಹೆಚ್ಚುವುದು ಎರಡು ಹೊತ್ತಿನಲ್ಲಿ, ಮೊದಲ ವಾರದಲ್ಲಿ ಮತ್ತು ಕೊನೆಯ ಮೂರು ದಿನಗಳಲ್ಲಿ. ಮೊದಲ ಹೊತ್ತಿನಲ್ಲಿ ಹೃದಯ ಮತ್ತು ರಕ್ತನಾಳಗಳು ಶುರುವಾಗುತ್ತವೆ. ಕೊನೆಯ ಹೊತ್ತಿನಲ್ಲಿ ಮರಿ ಪುಪ್ಪುಸದಿಂದ ಮೊದಲ ಉಸಿರು ಎಳೆಯುತ್ತದೆ. ನಡುವಿನ ವಾರದಲ್ಲಿ ಸಾಯುವವು ಸಹಜವಾಗಿ ಕಡಿಮೆ. ಅಲ್ಲೇ ಸಾವು ಗುಂಪುಗೂಡಿದ್ದರೆ ಮೇವಿನ ಕಡೆಗೋ ಸೋಂಕಿನ ಕಡೆಗೋ ಬೆರಳು ತೋರಿಸಬೇಕಾಗುತ್ತದೆ.

ಆ 11ರಲ್ಲಿ ಎರಡು ರಕ್ತದ ಉಂಗುರ, ಒಂದು ನಡುವಿನದು, ಎಂಟು ಪೂರ್ತಿ ಬೆಳೆದು ಚಿಪ್ಪು ಕುಟುಕದೆಯೇ ಸತ್ತವು ಎಂದು ತಿಳಿದುಬಂದರೆ ವಿಚಾರಣೆ ಬಹಳ ಸಣ್ಣದಾಗುತ್ತದೆ. ಮೊದಲ 18 ದಿನ ಪೆಟ್ಟಿಗೆ ಒಂದು ಮಟ್ಟಿಗೆ ನೆಟ್ಟಗೇ ನಡೆದಿದೆ. ಕೆಟ್ಟದ್ದು ನೀರೋ ಗಾಳಿಯೋ.

ಅದಕ್ಕೆ ಮುಂಚೆ ಹಿತ್ತಲಿನ 8 ತತ್ತಿಗಳ ಮಾತು ಮುಗಿಸಬೇಕು. ತಿಳಿ ತತ್ತಿಯನ್ನು ಒಡೆದು ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿದರೆ ಸಾಕು. ಚುಕ್ಕೆ ಸಣ್ಣದಾಗಿ, ಗಟ್ಟಿಯಾಗಿ, ಅಂಕುಡೊಂಕಾಗಿದ್ದರೆ ಹುಂಜ ಮುಟ್ಟದ ತತ್ತಿ. ಅದೇ ಚುಕ್ಕೆ ಉಂಗುರದಂತೆ ದುಂಡಾಗಿ, ನಾಲ್ಕು ಮಿಲಿಮೀಟರ್‌ನಷ್ಟು ಅಗಲವಿದ್ದರೆ ಜೀವ ಮೂಡಿದ್ದ ತತ್ತಿ, ಎಲ್ಲೋ ಇಟ್ಟಲ್ಲೇ ಸತ್ತಿದೆ. ಮೊದಲನೆಯದಕ್ಕೆ ಹುಂಜನನ್ನು ನೋಡಬೇಕು. 8–10 ಹ್ಯಾಟೆಗೆ ಒಂದು ಹುಂಜ ಸಾಕು; 20ಕ್ಕೆ ಒಂದೇ ಆದರೆ ಸಾಲದು. 8–10 ಹ್ಯಾಟೆಗೇ ಎರಡು ಹುಂಜ ಬಿಟ್ಟರೆ ಕಾದಾಟದಲ್ಲೇ ಹೊತ್ತು ಹೋಗುತ್ತದೆ. ಹುಂಜಕ್ಕೆ ವಯಸ್ಸಾಗಿದ್ದರೆ, ಕಾಲಿಗೆ ಹುಣ್ಣಾಗಿದ್ದರೆ, ಮೈ ದಪ್ಪವಾಗಿ ಮೇಲೇರಲಾರದಂತಾಗಿದ್ದರೆ ಹ್ಯಾಟೆಗಳು ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ. ಹುಂಜನನ್ನು ಮಾರಿದ ಮೇಲೂ ಒಂದೆರಡು ವಾರ ಜೀವವುಳ್ಳ ತತ್ತಿ ಬರುತ್ತಲೇ ಇರುತ್ತದೆ, ಏಕೆಂದರೆ ಹ್ಯಾಟೆಯ ಒಡಲಲ್ಲಿ ವೀರ್ಯ ಅಷ್ಟು ದಿನ ಉಳಿಯುತ್ತದೆ. ಇದರಿಂದ ಮೋಸ ಹೋಗುವವರೂ ಇದ್ದಾರೆ. ಇನ್ನು ಅಂಗಡಿಯ ಬಿಳಿ ತತ್ತಿಯನ್ನು ಕಾವಿಗಿಡುವವರಿಗೆ ಏನು ಹೇಳುವುದು! ಪಂಜರದ ಫಾರ್ಮುಗಳಲ್ಲಿ ಹುಂಜವೇ ಇರುವುದಿಲ್ಲ. ಆ ತತ್ತಿ ಸಾರಿಗೆ ಸರಿ, ಪೆಟ್ಟಿಗೆಗೆ ಅಲ್ಲ.

ಒಂದೇ ಹುಂಜನ ಮಕ್ಕಳು, ಮೊಮ್ಮಕ್ಕಳು ಅದೇ ಹಿತ್ತಲಲ್ಲಿ ಕೂಡುತ್ತ ಹೋದರೆ ರಕ್ತ ಹತ್ತಿರವಾಗಿ ಮರಿಯಾಗುವ ಪ್ರಮಾಣ ಪೀಳಿಗೆ ಪೀಳಿಗೆಗೂ ಇಳಿಯುತ್ತದೆ. ಯಮನೂರಿನ ಹುಂಜವನ್ನು ನವಲಗುಂದದ ಆಚೆಗಿನ ಬೀಗರ ಮನೆಗೆ ಕೊಟ್ಟು ಅಲ್ಲಿಯದನ್ನು ತಂದರೆ ಖರ್ಚಿಲ್ಲದೆ ಪರಿಹಾರವಾಯಿತು.

ಎರಡನೆಯ ಬಗೆಯ ತಿಳಿ ತತ್ತಿ, ಅಂದರೆ ಮೂಡಿ ಸತ್ತದ್ದು, ಬಿಸಿಲುಸೀಮೆಯ ರೋಗ. ತತ್ತಿಯೊಳಗಿನ ಜೀವ ಸುಮಾರು 21 ಡಿಗ್ರಿಗಿಂತ ಕೆಳಗೆ ಮಲಗಿರುತ್ತದೆ. ಬಿಸಿ ಅದಕ್ಕಿಂತ ಮೇಲೇರುತ್ತ ಹೋದಂತೆ ಅರೆಬರೆ ಎಚ್ಚರಗೊಂಡು ಬೆಳೆಯತೊಡಗುತ್ತದೆ, ಆದರೆ 37 ಮುಟ್ಟದೆ ಸರಿಯಾಗಿ ಬೆಳೆಯಲಾರದು. ಚಾಂಗದೇವರ ಜಾತ್ರೆ ಮುಗಿದು ಬಿಸಿಲು ಏರಿದ ಮೇಲೆ ನವಲಗುಂದದ ಕಡೆ ಮಧ್ಯಾಹ್ನ 38–40 ಡಿಗ್ರಿ. ತಗಡಿನ ಶೆಡ್ಡಿನ ಮೂಲೆಯಲ್ಲಿ ಬುಟ್ಟಿಯಲ್ಲಿ ಕೂಡಿಟ್ಟ ತತ್ತಿಗಳು ಹಗಲು ಬೆಳೆದು ರಾತ್ರಿ ನಿಂತು, ಮತ್ತೆ ಹಗಲು ಬೆಳೆದು ಹೀಗೆ ಐದಾರು ದಿನಗಳಲ್ಲಿ ಸೋತು ಸಾಯುತ್ತವೆ. ಪೆಟ್ಟಿಗೆಗೆ ಹೋಗುವ ಮುನ್ನವೇ ಕಥೆ ಮುಗಿದಿರುತ್ತದೆ. 15–18 ಡಿಗ್ರಿಯಲ್ಲಿ ಒಂದು ವಾರ ಇಡಬಹುದು. ವಾರ ದಾಟಿದರೆ ಮರಿಯಾಗುವ ಪ್ರಮಾಣ ದಿನದಿನಕ್ಕೂ ಇಳಿಯುತ್ತದೆ. ಫ್ರಿಜ್ಜಿನ ಚಳಿ ತೀರ ಹೆಚ್ಚು, ಅದೂ ಬೇಡ. ಈ ಭಾಗದ ಹಳೆಯ ಮಾಳಿಗೆ ಮನೆಗಳ ಒಳಕೋಣೆ ಇದಕ್ಕೆ ಹೇಳಿ ಮಾಡಿಸಿದ ಜಾಗ: ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮುದ್ದೆ, ಹೊರಗಿನ ಬಿಸಿಲು ಒಳಗೆ ಬರಲು ಹೊತ್ತು ಹಿಡಿಯುತ್ತದೆ. ಆ ಕೋಣೆಯಲ್ಲಿ ಹಸಿ ಉಸುಕಿನ ನಡುವೆ ಮಣ್ಣಿನ ಗಡಿಗೆ ಹುದುಗಿಸಿ, ಒಳಗೆ ಒಣ ಹುಲ್ಲು ಹಾಸಿ, ಚೂಪು ತುದಿ ಕೆಳಗಾಗಿ ತತ್ತಿ ಇಟ್ಟರೆ ಹೊರಗಿಗಿಂತ ಹಲವು ಡಿಗ್ರಿ ತಂಪು ಸಿಗುತ್ತದೆ. ತತ್ತಿ ಒದ್ದೆಯಾಗಬಾರದು ಅಷ್ಟೇ. ಹಾಗೆಯೇ ಕಾವುಪೆಟ್ಟಿಗೆಯನ್ನೂ ಶೆಡ್ಡಿನಿಂದ ಈ ಕೋಣೆಗೆ ತಂದರೆ ಅರ್ಧ ತಾಪತ್ರಯ ತಪ್ಪುತ್ತದೆ.

ತತ್ತಿ ತೊಳೆಯುವ ಚಟ ಇನ್ನೊಂದು. ಹೊಸ ತತ್ತಿಯ ಮೇಲೆ ತೆಳುವಾದ ಒಂದು ಪೊರೆಯಿದೆ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ತಣ್ಣೀರಲ್ಲಿ ತಿಕ್ಕಿದರೆ ಪೊರೆ ಹೋಗುತ್ತದೆ, ಒಳಗಿನ ಗಾಳಿ ಕುಗ್ಗಿ ಹೊರಗಿನ ಹೊಲಸನ್ನು ರಂಧ್ರದೊಳಕ್ಕೆ ಎಳೆದುಕೊಳ್ಳುತ್ತದೆ. ಹತ್ತನೆಯ ದಿನದ ಸುಮಾರಿಗೆ ಪೆಟ್ಟಿಗೆಯಲ್ಲಿ ‘ಢಬ್’ ಎಂದು ಸಿಡಿದು ಮನೆಯನ್ನೆಲ್ಲ ನಾರಿಸುವ ತತ್ತಿ ಹೀಗೆ ತಯಾರಾಗುತ್ತದೆ. ಸಗಣಿ ಮೆತ್ತಿದ ತತ್ತಿಯನ್ನು ಅಡುಗೆಗೆ ಬಳಸುವುದೇ ಒಳ್ಳೆಯದು.

ಈಗ ಕೊನೆಯ ಎಂಟು ಮರಿಗಳು. ಮೊದಲು ನೀರು.

ತತ್ತಿ ಒಂದು ಲೆಕ್ಕದಲ್ಲಿ ಒಣಗಲೇಬೇಕು. 21 ದಿನಗಳ ಪೈಕಿ ಮೊದಲ 18 ದಿನಗಳಲ್ಲಿ ಅದರ ತೂಕ ನೂರಕ್ಕೆ 12ರಷ್ಟು ಇಳಿಯಬೇಕು. ಹೋಗುವುದೆಲ್ಲ ನೀರು. ಆ ನೀರು ಖಾಲಿ ಮಾಡಿದ ಜಾಗದಲ್ಲಿ, ದಪ್ಪ ತುದಿಯಲ್ಲಿ, ಗಾಳಿಕೋಶ ದೊಡ್ಡದಾಗುತ್ತದೆ. ಚಿಪ್ಪು ಒಡೆಯುವ ಮುನ್ನ ಮರಿ ಆ ಕೋಶಕ್ಕೆ ಕೊಕ್ಕು ಚುಚ್ಚಿ ಮೊದಲ ಉಸಿರು ತೆಗೆದುಕೊಳ್ಳುವುದು. ನೀರು ಕಡಿಮೆ ಹೋದರೆ ಕೋಶ ಸಣ್ಣದು, ಮರಿ ಊದಿದಂತೆ ದಪ್ಪ, ತಿರುಗಲು ಜಾಗವಿಲ್ಲ, ಒಳಗೆ ಜಿಗುಟು ದ್ರವ, ಉಸಿರುಕಟ್ಟಿ ಸಾಯುತ್ತದೆ. ನೀರು ಹೆಚ್ಚು ಹೋದರೆ ಮರಿ ಚಿಕ್ಕದು, ಒಳಪೊರೆ ಒಣಗಿ ಮೈಗೆ ಅಂಟಿಕೊಂಡು ತಿರುಗಗೊಡದು. ಒಡೆದ ತತ್ತಿಯ ಒಳಗು ಒದ್ದೆಯೋ ಒಣಕಲೋ ಎಂದು ನೋಡಿದರೆ ಯಾವ ಕಡೆ ತಪ್ಪಿತೆಂದು ಗೊತ್ತಾಗುತ್ತದೆ.

ಬರೆದಿಟ್ಟ ಸೂತ್ರ ಸುಲಭ: 18 ದಿನದವರೆಗೆ ತೇವಾಂಶ ನೂರಕ್ಕೆ 50–55, ಕೊನೆಯ ಮೂರು ದಿನ 65–70. ಇದನ್ನು ಕೇಳಿಕೊಂಡು ಜನ ಪೆಟ್ಟಿಗೆಯಲ್ಲಿ ಒಂದು ಬಟ್ಟಲು ನೀರಿಟ್ಟು ವರ್ಷವಿಡೀ ಅದನ್ನೇ ನಡೆಸುತ್ತಾರೆ. ಇಲ್ಲೇ ಇರುವುದು ಗೋಟಾಳೆ. ಬೆಣ್ಣಿಹಳ್ಳ ತುಂಬಿ ಹರಿಯುವ ಶ್ರಾವಣದಲ್ಲಿ ಹೊರಗಿನ ಗಾಳಿ 25 ಡಿಗ್ರಿ, ತೇವಾಂಶ 85 ಎನ್ನೋಣ. ಅದೇ ಗಾಳಿ ಪೆಟ್ಟಿಗೆಯೊಳಗೆ ಬಂದು 37.5 ಡಿಗ್ರಿಗೆ ಕಾಯ್ದಾಗ, ನೀರಿನ ಹನಿಯೂ ಇಡದೆ, ತೇವಾಂಶ 40ರ ಸುತ್ತ ನಿಲ್ಲುತ್ತದೆ. ಅದಕ್ಕೊಂದು ಅಗಲವಾದ ಬಟ್ಟಲು ಸೇರಿದರೆ 65 ದಾಟುತ್ತದೆ. ಮರಿಗಳು ಒದ್ದೆಯಲ್ಲಿ ಸಾಯುತ್ತವೆ. ಏಪ್ರಿಲ್ಲಿನ ಮಧ್ಯಾಹ್ನ ಹೊರಗೇ 38 ಡಿಗ್ರಿ, ತೇವಾಂಶ 25, ಒಳಗೂ ಅಷ್ಟೇ. ಆಗ ಅದೇ ಬಟ್ಟಲು ಸಾಕಾಗದೆ ಹೋಗಬಹುದು. ಎಲ್ಲರೂ ಮರೆಯುವುದು ಚಳಿಗಾಲವನ್ನು. ಡಿಸೆಂಬರಿನ ನಸುಕಿನಲ್ಲಿ 14 ಡಿಗ್ರಿ, ತೇವಾಂಶ 70. ಕಡಲೆ ಹೊಲದ ಮೇಲೆ ಇಬ್ಬನಿ, ಮೈಗೆ ಹಸಿ ಹಸಿ. ಆದರೆ ತಣ್ಣನೆಯ ಗಾಳಿ ಹಿಡಿಯುವ ನೀರೇ ಕಡಿಮೆ. ಅದನ್ನು 37.5ಕ್ಕೆ ಕಾಯಿಸಿದರೆ ತೇವಾಂಶ 20ಕ್ಕೂ ಕೆಳಗೆ, ಏಪ್ರಿಲ್ಲಿಗಿಂತಲೂ ಒಣಕಲು. ಮೂರು ಕಾಲಕ್ಕೆ ಒಂದೇ ಬಟ್ಟಲು ಎಂಬ ಪದ್ಧತಿ ಹೀಗೆ ಮೂರರಲ್ಲಿ ಎರಡು ಕಾಲ ಕೈ ಕೊಡುತ್ತದೆ.

ತೇವಾಂಶ ತೋರಿಸುವ ಯಂತ್ರವನ್ನು ನಂಬುವುದಕ್ಕಿಂತ ತಕ್ಕಡಿಯನ್ನು ನಂಬುವುದು ಮೇಲು. 30 ಜವಾರಿ ತತ್ತಿ ತಲಾ 50 ಗ್ರಾಂ ಲೆಕ್ಕದಲ್ಲಿ 1,500 ಗ್ರಾಂ ತೂಗಿದರೆ, 7ನೆಯ ದಿನ ಸುಮಾರು 70 ಗ್ರಾಂ ಇಳಿದು 1,430ರ ಹತ್ತಿರ ಇರಬೇಕು. 18ನೆಯ ದಿನ 1,320. ತಿಳಿ ತತ್ತಿ ತೆಗೆದಿದ್ದರೆ ಅವುಗಳ ತೂಕ ಎರಡೂ ಕಡೆ ಕಳೆಯಬೇಕು. 7ನೆಯ ದಿನ 1,460 ಇದ್ದರೆ ಬಟ್ಟಲು ಸಣ್ಣದಾಗಲಿ, 1,400 ಇದ್ದರೆ ದೊಡ್ಡದಾಗಲಿ. ಇಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಆಳವಲ್ಲ, ಮೇಲ್ಮೈ ಅಗಲ. ಆಳದ ಲೋಟಕ್ಕಿಂತ ಅಗಲದ ತಟ್ಟೆ ಹೆಚ್ಚು ತೇವ ಕೊಡುತ್ತದೆ.

ನೀರು ಸರಿಯಿದ್ದೂ ಮರಿ ಸತ್ತರೆ ಗಾಳಿ. ತೇವ ಹೊರಹೋಗಬಾರದೆಂದು ಪೆಟ್ಟಿಗೆಯ ತೂತುಗಳಿಗೆ ಟೇಪು ಅಂಟಿಸುವವರಿದ್ದಾರೆ. ಮೊದಲ ವಾರ ನಡೆದೀತು. ಕೊನೆಯ ವಾರ 19 ಮರಿಗಳು ಚಿಪ್ಪಿನ ರಂಧ್ರಗಳ ಮೂಲಕ ಆಮ್ಲಜನಕ ಎಳೆಯುತ್ತಿರುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತವೆ, ಮೈಯಿಂದ ಬಿಸಿಯನ್ನೂ ಹೊರಹಾಕುತ್ತಿರುತ್ತವೆ. ತೂತು ಮುಚ್ಚಿದ ಪೆಟ್ಟಿಗೆಯಲ್ಲಿ ಆಗ ಉಸಿರೂ ಕಡಿಮೆ, ಬಿಸಿಯೂ ಜಾಸ್ತಿ. 18ನೆಯ ದಿನದಿಂದ ತೂತುಗಳನ್ನೆಲ್ಲ ತೆರೆದು, ತೇವ ಕಡಿಮೆಯಾದರೆ ಇನ್ನೊಂದು ತಟ್ಟೆ ನೀರಿಡಬೇಕೇ ಹೊರತು ತೂತು ಮುಚ್ಚಬಾರದು.

ಬಿಸಿಯ ತಪ್ಪನ್ನು ಹಿಡಿಯಲು ಕ್ಯಾಲೆಂಡರ್ ಸಾಕು. ಮರಿಗಳು 19–20ನೆಯ ದಿನವೇ ಬಂದು, ಹೊಕ್ಕುಳು ಹಸಿಯಾಗಿ, ಮೈ ಚಿಕ್ಕದಾಗಿದ್ದರೆ ಬಿಸಿ ಹೆಚ್ಚಾಗಿತ್ತು. 22–23ಕ್ಕೆ ಎಳೆದರೆ ಕಡಿಮೆಯಾಗಿತ್ತು. ಫ್ಯಾನಿರುವ ಪೆಟ್ಟಿಗೆಗೆ 37.5ರಿಂದ 37.8 ಡಿಗ್ರಿ ಸರಿ. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಬಿಸಿ ಮೇಲೇರಿ ನಿಲ್ಲುವುದರಿಂದ ತತ್ತಿಯ ಮೇಲ್ತುದಿಯ ಮಟ್ಟದಲ್ಲಿ 38.5ರ ಹತ್ತಿರ ಇರಬೇಕು, ತಳದಲ್ಲಿ ಇಟ್ಟ ತಾಪಮಾಪಕ ಸುಳ್ಳು ಹೇಳುತ್ತದೆ. ಕಡಿಮೆ ಬಿಸಿಯನ್ನು ಭ್ರೂಣ ತಡೆದುಕೊಂಡೀತು, ಹೆಚ್ಚಿನದನ್ನು ತಡೆಯದು. 40 ದಾಟಿ ನಿಂತರೆ ಸಾವು ಶುರು.

ಅಗ್ಗದ ತಾಪಮಾಪಕ ಒಂದು ಡಿಗ್ರಿ ತಪ್ಪು ತೋರಿಸುವುದು ಮಾಮೂಲಿ, ಆ ಒಂದು ಡಿಗ್ರಿಯೇ ಇಲ್ಲಿ ಮರಿಯ ಹಣೆಬರಹ. ಜ್ವರ ನೋಡುವ ತಾಪಮಾಪಕ ಈಗ ಮನೆಮನೆಯಲ್ಲಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನೂ ಪೆಟ್ಟಿಗೆಯ ತಾಪಮಾಪಕದ ತುದಿಯನ್ನೂ ಒಟ್ಟಿಗೆ ಹಿಡಿದರೆ ಎಷ್ಟು ವ್ಯತ್ಯಾಸವೆಂದು ತಿಳಿಯುತ್ತದೆ. ತೇವಾಂಶದ ಯಂತ್ರಕ್ಕೆ ಅಡುಗೆಮನೆಯ ಉಪ್ಪೇ ಪರೀಕ್ಷೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಹಸಿ ಹಿಟ್ಟಿನಷ್ಟು ನೀರು ಬೆರೆಸಿ, ಯಂತ್ರದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಇಡೀ ರಾತ್ರಿ ಮುಚ್ಚಿಟ್ಟರೆ ಒಳಗಿನ ತೇವಾಂಶ 75ಕ್ಕೆ ನಿಲ್ಲುತ್ತದೆ. ಯಂತ್ರ 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತಿದೆ ಎಂದೇ ಅರ್ಥ.

ಕರೆಂಟಿನ ಮೇಲೆ ಬೀಳುವ ಬೈಗುಳದಲ್ಲಿ ಅರ್ಧ ಅನ್ಯಾಯದ್ದು. «ಕರೆಂಟ್ ಎರಡು ತಾಸು ಹೋಗಿತ್ರೀ, ಎಲ್ಲಾ ಹಾಳಾತು» ಎನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಕಾವಿಗೆ ಕೂತ ಹ್ಯಾಟೆಯೂ ದಿನಕ್ಕೊಮ್ಮೆ 15–20 ನಿಮಿಷ ಎದ್ದು ಹೋಗಿ ಮೇದು ಬರುತ್ತದೆ. ಒಂದೆರಡು ತಾಸಿನ ತಂಪು ತತ್ತಿಯನ್ನು ಕೊಲ್ಲುವುದಿಲ್ಲ, ಹುಟ್ಟುವುದನ್ನು ತುಸು ತಡಮಾಡುತ್ತದೆ ಅಷ್ಟೇ. ಕೆಡುವುದು ಗಾಬರಿಯಿಂದ ಮುಚ್ಚಳ ತೆರೆದು ತೆರೆದು ನೋಡುವುದರಿಂದ. ಮುಚ್ಚಳ ಹಾಗೇ ಇರಲಿ, ಗಾಳಿಯ ತೂತು ಬಿಟ್ಟು ಮೇಲೊಂದು ಕೌದಿ ಹೊದಿಸಿದರೆ ಬಿಸಿ ಬಹಳ ಹೊತ್ತು ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ, ಅದರಲ್ಲೂ ಕೊನೆಯ ವಾರದಲ್ಲಿ, ಕೌದಿ ಬೇಡವೇ ಬೇಡ. ಮರಿಗಳ ಮೈಬಿಸಿಯೇ ಸಾಕಾಗುತ್ತದೆ, ಫ್ಯಾನು ನಿಂತ ಪೆಟ್ಟಿಗೆಯಲ್ಲಿ ಬಿಸಿ ಏರುವ ಅಪಾಯವೇ ಹೆಚ್ಚು.

ತಿರುಗಿಸುವುದರ ಬಗ್ಗೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ತಿರುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಒಂದು ಕಡೆ ಗುಣಾಕಾರದ ಗುರುತು, ಇನ್ನೊಂದು ಕಡೆ ಸೊನ್ನೆ ಪೆನ್ಸಿಲ್‌ನಿಂದ ಬರೆದು ದಿನಕ್ಕೆ ಮೂರೋ ಐದೋ ಸಲ ತಿರುಗಿಸಬೇಕು. ಬೆಸ ಸಂಖ್ಯೆಗೆ ಕಾರಣವಿದೆ: ರಾತ್ರಿಯ ಉದ್ದ ಹೊತ್ತು ಒಂದು ದಿನ ಒಂದು ಮಗ್ಗುಲು, ಮರುದಿನ ಇನ್ನೊಂದು ಮಗ್ಗುಲು ಆಗಲೆಂದು. 18ನೆಯ ದಿನ ತಿರುಗಿಸುವುದನ್ನು ನಿಲ್ಲಿಸಬೇಕು. ಹರಿವಾಣದಲ್ಲಿ ನಿಲ್ಲಿಸಿ ಇಡುವವರು ದಪ್ಪ ತುದಿಯೇ ಮೇಲಿರುವಂತೆ ನೋಡಿಕೊಳ್ಳಲಿ. ಚೂಪು ತುದಿ ಮೇಲಾದರೆ ಮರಿಯ ತಲೆ ಗಾಳಿಕೋಶವಿಲ್ಲದ ಕಡೆ ಹೋಗಿ ಸಿಕ್ಕಿಕೊಳ್ಳುತ್ತದೆ.

ನಡುವಿನ ವಾರದಲ್ಲಿ ಸತ್ತ ಆ ಒಂದು ಮರಿಯ ಪುಕ್ಕ ಗಂಟುಗಂಟಾಗಿ ಸುರುಳಿ ಸುತ್ತಿದ್ದರೆ ಅದು ಬಿ-2 ಜೀವಸತ್ವ, ಅಂದರೆ ರೈಬೋಫ್ಲೇವಿನ್, ತಾಯಿಗೆ ಸಾಲದೆ ಹೋದ ಗುರುತು. ಹೊಲ ಕೆದಕಿ ಹುಳ, ಹಸಿರು ಸೊಪ್ಪು ತಿನ್ನುವ ಕೋಳಿಗೆ ಈ ಕೊರತೆ ಬರುವುದು ಕಡಿಮೆ. ಗೂಡಿನಲ್ಲಿ ಕೂಡಿ ಹಾಕಿ ಬರೀ ಜೋಳ ಹಾಕಿದರೆ ಬರುತ್ತದೆ. ತತ್ತಿ ಇಡುವ ಕೋಳಿಯ ಮೇವೂ ಇಲ್ಲಿ ಪೂರ್ತಿ ಸಾಲದು, ಏಕೆಂದರೆ ಅದನ್ನು ತಿನ್ನುವ ತತ್ತಿಗೆಂದು ಲೆಕ್ಕ ಹಾಕಿರುತ್ತಾರೆ, ಮರಿಯಾಗುವ ತತ್ತಿಗಲ್ಲ. ಒಂದು ಹಿಡಿ ಕುದುರೆಮೆಂತೆ ಅಥವಾ ನುಗ್ಗೆಸೊಪ್ಪು ದಿನವೂ ಕತ್ತರಿಸಿ ಹಾಕುವುದು ಯಮನೂರಿನಲ್ಲಿ ಯಾರಿಗೂ ಕಷ್ಟವಲ್ಲ.

ಕೊನೆಯ ಮೂರು ದಿನ ಕಷ್ಟದ್ದು ಕೈ ಕಟ್ಟಿಕೊಂಡು ಕೂಡುವುದು. ಮೊದಲ ಮರಿ ಚಿಪ್ಪು ಕುಟುಕಿದ್ದೇ ಮಕ್ಕಳು ಓಡಿ ಬರುತ್ತಾರೆ, ಮುಚ್ಚಳ ತೆರೆಯುತ್ತದೆ, ಒಳಗಿನ ತೇವವೆಲ್ಲ ಹೊರಗೆ. ಕುಟುಕಿ ಬಿಟ್ಟ ಉಳಿದ ತತ್ತಿಗಳ ಒಳಪೊರೆ ಆ ಒಂದು ನಿಮಿಷದಲ್ಲಿ ಒಣಗಿ ಮರಿಗೆ ಬಿಗಿಯುತ್ತದೆ. ಕುಟುಕಿದ ಮೇಲೆ ಹೊರಬರಲು 12ರಿಂದ 24 ಗಂಟೆ ಹಿಡಿಯುವುದು ಸಹಜ. ಆ ಹೊತ್ತಿನಲ್ಲಿ ಮರಿ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳಗಳು ಬತ್ತುತ್ತಿರುತ್ತವೆ. ಕನಿಕರದಿಂದ ಚಿಪ್ಪು ಸುಲಿದು ಕೊಟ್ಟರೆ ರಕ್ತ ಸುರಿಯುತ್ತದೆ. ಹುಟ್ಟಿದ ಮರಿಗೆ ಒಳಗಿನ ಹಳದಿ ಒಂದೆರಡು ದಿನಕ್ಕೆ ಸಾಕು, ಮೈ ಒಣಗುವವರೆಗೆ ಪೆಟ್ಟಿಗೆಯಲ್ಲೇ ಇರಲಿ, ಹಸಿವಿನಿಂದ ಸಾಯದು.

ಪೆಟ್ಟಿಗೆ ಖಾಲಿಯಾದ ದಿನ ಅದರ ಒಳಗು ಚಿಪ್ಪಿನ ಚೂರು, ಪುಕ್ಕದ ಧೂಳು, ಒಣಗಿದ ದ್ರವದಿಂದ ತುಂಬಿರುತ್ತದೆ. ತತ್ತಿಯ ಮೂಲಕವೇ ತಾಯಿಯಿಂದ ಮರಿಗೆ ದಾಟುವ ಪುಲ್ಲೋರಂ ಎಂಬ ಬಿಳಿಭೇದಿ ರೋಗ ಆ ಧೂಳಿನಲ್ಲಿ ಮುಂದಿನ ಸರತಿಗೆ ಕಾದು ಕೂತಿರುತ್ತದೆ. ಬಲ್ಬು, ಫ್ಯಾನು ತೆಗೆದು, ಸಾಬೂನಿನಿಂದ ತಿಕ್ಕಿ, ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಿ, ಒಂದು ಪೂರ್ತಿ ದಿನ ಬಿಸಿಲಿಗೆ ತೆರೆದಿಟ್ಟ ಮೇಲೆಯೇ ಮತ್ತೆ ತತ್ತಿ ಇಡಬೇಕು. ಥರ್ಮಾಕೋಲಿನ ಒಳಮೈ ಉದುರಿ ತೂತುತೂತಾಗಿದ್ದರೆ ಎಷ್ಟು ತಿಕ್ಕಿದರೂ ಹೊಲಸು ಹೋಗುವುದಿಲ್ಲ. ಆ ಪೆಟ್ಟಿಗೆಯನ್ನು ಬಿಟ್ಟು ಬೇರೊಂದು ತರುವುದೇ ಅಗ್ಗ.